ಅಕ್ಷರ ಮತ್ತು ಆಯಸ್ಸು: ಶಿಕ್ಷಣಾಧಾರಿತ ಮರಣ ಅಂತರದ ಕಾರಣಗಳು

ಹೆಚ್ಚು ಓದಿದವರು ಹೆಚ್ಚು ಕಾಲ ಬದುಕುತ್ತಾರೆ ಎಂಬುದಕ್ಕೆ ಪುರಾವೆಯ ಕೊರತೆಯಿಲ್ಲ. ಅಮೆರಿಕದ 1960ರ ಮರಣ ದಾಖಲೆಗಳನ್ನು ಅದೇ ವರ್ಷದ ಜನಗಣತಿಯೊಂದಿಗೆ ತಾಳೆ ನೋಡಿ ಎವೆಲಿನ್ ಕಿಟಗಾವಾ ಮತ್ತು ಫಿಲಿಪ್ ಹೌಸರ್ 1973ರಲ್ಲಿ ಪ್ರಕಟಿಸಿದ ಗ್ರಂಥವೇ ಇದನ್ನು ಸ್ಥಾಪಿಸಿತ್ತು. ಭಿನ್ನಾಭಿಪ್ರಾಯವಿರುವುದು ಕಾರಣದ ಬಗ್ಗೆ. ಆಯಸ್ಸು ಹೆಚ್ಚಿಸುವುದು ಶಾಲೆಯೋ, ಮಕ್ಕಳನ್ನು ಓದಿಸಬಲ್ಲ ಮನೆಯ ಅನುಕೂಲವೋ?

ಬ್ರಿಟನ್ 1947ರಲ್ಲಿ ಶಾಲೆ ಬಿಡುವ ಕನಿಷ್ಠ ವಯಸ್ಸನ್ನು 14ರಿಂದ 15ಕ್ಕೆ, 1972ರಲ್ಲಿ 16ಕ್ಕೆ ಏರಿಸಿತು. ಮನೆಯ ಸ್ಥಿತಿ ಹಾಗೇ ಇದ್ದು ಓದು ಮಾತ್ರ ಹೆಚ್ಚಿತು. ಆದರೂ ಈ ಪೀಳಿಗೆಗಳ ಮರಣ ಪ್ರಮಾಣ ಹೇಳಿಕೊಳ್ಳುವಷ್ಟು ಇಳಿಯಲಿಲ್ಲವೆಂದು ಡೇಮನ್ ಕ್ಲಾರ್ಕ್ ಮತ್ತು ಹೆದರ್ ರಾಯರ್ 2013ರಲ್ಲಿ ತೋರಿಸಿದರು. ಹಾಗೆಂದು ಓದು ನಿಷ್ಫಲವೆಂಬ ತೀರ್ಮಾನಕ್ಕೆ ಬರುವುದು ಆತುರವಾದೀತು.

1900ರ ಸುಮಾರಿನ ಅಮೆರಿಕದಲ್ಲಿ ವೈದ್ಯರ ಮಕ್ಕಳು ಕೂಡ ಹೆಚ್ಚುಕಡಿಮೆ ಇತರರ ಮಕ್ಕಳಂತೆಯೇ ಸಾಯುತ್ತಿದ್ದರೆಂದು ಸ್ಯಾಮ್ಯುಯೆಲ್ ಪ್ರೆಸ್ಟನ್ ಮತ್ತು ಮೈಕೆಲ್ ಹೇನ್ಸ್ ತೋರಿಸಿದ್ದಾರೆ. ಇಡೀ ಚರ್ಚೆಯ ಕೀಲಿ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಆ ಮನೆಗಳಲ್ಲಿ ವಿದ್ಯೆಗೂ ಹಣಕ್ಕೂ ಕೊರತೆಯಿರಲಿಲ್ಲ. ರೋಗ ತಡೆಯುವ ಉಪಾಯವೇ ಆಗಿನ್ನೂ ಹೆಚ್ಚಾಗಿ ತಿಳಿದಿರಲಿಲ್ಲ. ಉಪಾಯ ಸಿಕ್ಕಮೇಲೆ ಅಂತರ ಹಿಗ್ಗುತ್ತದೆ. ಧೂಮಪಾನ ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವೆಂದು 1950ರ ನಂತರ ಸ್ಪಷ್ಟವಾದಾಗ ಸಿಗರೇಟು ಮೊದಲು ಬಿಟ್ಟವರು ಓದಿದವರು. ಬ್ರೂಸ್ ಲಿಂಕ್ ಮತ್ತು ಜೋ ಫೆಲನ್ 1995ರಲ್ಲಿ ಮಂಡಿಸಿದ ‘ಮೂಲ ಕಾರಣ’ ಸಿದ್ಧಾಂತದ ತಿರುಳೂ ಇದೇ: ರೋಗಗಳು ಬದಲಾದರೂ ಅರಿವು, ಹಣ, ಸಂಪರ್ಕ ಉಳ್ಳವರು ಹೊಸ ರಕ್ಷಣೆಯನ್ನು ಮೊದಲು ಪಡೆಯುತ್ತಾರೆ.

ಆ ರಕ್ಷಣೆ ಕೈಗೆ ಸಿಗುವ ಬಗೆಯನ್ನು ಹತ್ತಿರದಿಂದ ನೋಡಿದ ಅಧ್ಯಯನವೊಂದು ಕರ್ನಾಟಕದ್ದೇ. ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ.ಎಚ್. ರೆಡ್ಡಿ ಇಲ್ಲಿನ ಹಳ್ಳಿಗಳಲ್ಲಿ ನಡೆಸಿದ ಕ್ಷೇತ್ರಕಾರ್ಯದ ಫಲಿತಗಳು 1980ರ ದಶಕದಲ್ಲಿ ಪ್ರಕಟವಾದವು. ಮಗುವಿಗೆ ಕಾಯಿಲೆಯಾದಾಗ ಏನು ಮಾಡಬೇಕೆಂಬ ತೀರ್ಮಾನ ಅತ್ತೆಯಂಥ ಹಿರಿಯರದಾಗಿತ್ತು. ಶಾಲೆಗೆ ಹೋಗಿಬಂದ ಸೊಸೆಯ ಮಾತಿಗೆ ಮನೆಯಲ್ಲಿ ತೂಕ ಬಂತು. ಔಷಧ ನಾಟದಿದ್ದರೆ ಆಕೆ ಮತ್ತೆ ಹೋಗಿ ವೈದ್ಯರಿಗೆ ಹೇಳುತ್ತಿದ್ದಳು. ಓದದ ತಾಯಿ ಅಂಜಿ ಮನೆಯಲ್ಲೇ ಉಳಿಯುತ್ತಿದ್ದಳು. ಅಂದರೆ ಪಠ್ಯದಲ್ಲಿ ಕಲಿತ ಆರೋಗ್ಯ ಪಾಠಕ್ಕಿಂತ ಶಾಲೆ ಕೊಟ್ಟ ಧೈರ್ಯವೇ ಹೆಚ್ಚು ಕೆಲಸ ಮಾಡಿತ್ತು.

ಈ ಧೈರ್ಯವಿಲ್ಲದ ತಾಯಿಯ ಮಗು ಸಾಯಬೇಕಾಗಿಲ್ಲ. ಆಶಾ ಕಾರ್ಯಕರ್ತೆಯರು ಓದುಬರಹ ತಿಳಿಯದ ತಾಯಂದಿರ ಮನೆಗೇ ಮೊದಲು ಹೋಗಿ, ಕೊಟ್ಟ ಔಷಧ ನಾಟಿತೇ ಎಂದು ವಿಚಾರಿಸುವ ಕ್ರಮವನ್ನು ಆರೋಗ್ಯ ಇಲಾಖೆ ಜಾರಿಗೆ ತರಬೇಕು.