ಸರ್ವ್ ಮೇಲೋ, ರಿಟರ್ನ್ ಮೇಲೋ?

2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ನಡೆದ ಆಸ್ಟ್ರೇಲಿಯಾ ಓಪನ್ ಪುರುಷರ ಡಬಲ್ಸ್ ಫೈನಲ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಹಾಗೂ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೋಡಿ ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವವಾಸೊರಿ ಅವರನ್ನು 7–6 (7–0), 7–5ರಿಂದ ಮಣಿಸಿತು. 43ರ ಬೋಪಣ್ಣ ಅವರ ಬಿರುಸಿನ ಸರ್ವ್ ಬಗ್ಗೆ ಮಾತನಾಡದವರಿಲ್ಲ. ಆದರೆ ಪಂದ್ಯ ಮುಗಿದದ್ದು ರಿಟರ್ನ್‌ನಿಂದ. ಎರಡನೇ ಸೆಟ್‌ನ 11ನೇ ಗೇಮ್‌ನಲ್ಲಿ ವವಾಸೊರಿ ಸರ್ವ್ ಮುರಿದದ್ದೇ ಇಡೀ ಪಂದ್ಯದ ಏಕೈಕ ಬ್ರೇಕ್.

ಟೆನಿಸ್‌ನಲ್ಲಿ ಎದುರಾಳಿಯ ಅಂಕೆಗೆ ಸಿಗದ ಒಂದೇ ಹೊಡೆತ ಸರ್ವ್. ಗಂಟೆಗೆ 200 ಕಿ.ಮೀ. ವೇಗದ ಚೆಂಡನ್ನು ಎದುರಿಸುವವನಿಗೆ ದೊರೆಯುವ ಕಾಲಾವಕಾಶ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೆ. ವೃತ್ತಿಪರ ಪುರುಷರ ಸಿಂಗಲ್ಸ್‌ನಲ್ಲಿ ಐದು ಗೇಮ್‌ಗಳಲ್ಲಿ ಸುಮಾರು ನಾಲ್ಕು ಸರ್ವ್ ಮಾಡಿದವರ ಪಾಲಾಗುತ್ತವೆ. ಮಹಿಳೆಯರಲ್ಲಿ ಈ ಪ್ರಮಾಣ ಮೂರಕ್ಕೆ ಎರಡರ ಆಸುಪಾಸಿನಲ್ಲಿದೆ. ಇದರ ಹಿಂದೆ ಸರಳ ಗಣಿತವೂ ಇದೆ. ತನ್ನ ಸರ್ವ್‌ನಲ್ಲಿ ಶೇ 60ರಷ್ಟು ಪಾಯಿಂಟ್ ಗೆಲ್ಲುವವನು ಶೇ 74ರಷ್ಟು ಗೇಮ್ ಗೆಲ್ಲುತ್ತಾನೆ. ಪಾಯಿಂಟ್ ಪ್ರಮಾಣ ಶೇ 65ಕ್ಕೇರಿದರೆ ಗೇಮ್ ಪ್ರಮಾಣ ಶೇ 83 ಆಗುತ್ತದೆ. ಸರ್ವ್‌ನಲ್ಲಿನ ಸಣ್ಣ ಸುಧಾರಣೆ ದೊಡ್ಡ ಫಲ ನೀಡುವುದು ಹೀಗೆ. ಇದೇ ಲೆಕ್ಕ ರಿಟರ್ನ್ ಮಾಡುವವನಿಗೂ ಅನ್ವಯಿಸುತ್ತದೆ ಎಂಬುದನ್ನು ಮಾತ್ರ ಹಲವರು ಮರೆಯುತ್ತಾರೆ.

ಬೆಂಗಳೂರಿನಲ್ಲಿ ಸರ್ವ್‌ಗೆ ನಿಸರ್ಗದ ಬೆಂಬಲವೂ ಇದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ನಗರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 8ರಿಂದ 9ರಷ್ಟು ಕಡಿಮೆ. ಚೆಂಡಿಗೆ ತಡೆ ಕಡಿಮೆಯಾಗಿ ಅದರ ವೇಗ ಹೆಚ್ಚು ಉಳಿಯುತ್ತದೆ. ಎತ್ತರದ ಊರುಗಳಿಗೆಂದೇ ಇರುವ ಚೆಂಡುಗಳನ್ನು ನಿಯಮ ಸೂಚಿಸುವುದು 1,219 ಮೀಟರ್ ಮೀರಿದ ಸ್ಥಳಗಳಿಗೆ. ಹಾಗಾಗಿ ಕಬ್ಬನ್ ಉದ್ಯಾನದ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣದಲ್ಲಾಗಲಿ, ಜಯನಗರ, ಜೆ.ಪಿ. ನಗರದ ಅಂಕಣಗಳಲ್ಲಾಗಲಿ ಆಡುವುದು ಸಾಮಾನ್ಯ ಚೆಂಡಿನಲ್ಲೇ.

ಹಾಗಾದರೆ ಸರ್ವ್ ಒಂದಿದ್ದರೆ ಸಾಕೇ? ಬೋಪಣ್ಣ ಅವರ ವೃತ್ತಿಜೀವನವೇ ಇದಕ್ಕೆ ಉತ್ತರ. ಸಿಂಗಲ್ಸ್‌ನಲ್ಲಿ ಅವರು ತಲುಪಿದ ಅತ್ಯುತ್ತಮ ರ‍್ಯಾಂಕ್ 213, ಅದು 2007ರಲ್ಲಿ. ಡಬಲ್ಸ್‌ನಲ್ಲಿ ಅದೇ ತೋಳು ಅವರನ್ನು 2024ರಲ್ಲಿ ವಿಶ್ವದ ಅಗ್ರಸ್ಥಾನಕ್ಕೆ ಒಯ್ದಿತು. ಡಬಲ್ಸ್‌ನಲ್ಲಿ ಸರ್ವ್ ಮಾಡುವವನ ಜೊತೆಗಾರ ನೆಟ್ ಬಳಿ ಕಾದು ನಿಂತಿರುತ್ತಾನೆ. ದುರ್ಬಲ ರಿಟರ್ನ್ ಬಂದರೆ ಅಲ್ಲಿಗೇ ಮುಗಿಯಿತು. ಸಿಂಗಲ್ಸ್‌ನಲ್ಲಿ ಹೇಗೋ ಹಿಂದಿರುಗಿದ ಚೆಂಡು ಕೂಡ ರ‍್ಯಾಲಿಯನ್ನು ಆರಂಭಿಸುತ್ತದೆ. ಅಲ್ಲಿಂದ ಮುಂದೆ ಕಾಲುಗಳದ್ದೇ ಕೆಲಸ. ಸೋಮದೇವ್ ದೇವವರ್ಮನ್ ಆಟ ಈ ಬಗೆಯದು. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲೇ ಸರ್ಬಿಯಾ ವಿರುದ್ಧ ನಡೆದ ಡೇವಿಸ್ ಕಪ್ ಹಣಾಹಣಿಯಲ್ಲಿ ಅವರು ದುಸಾನ್ ಲಾಜೊವಿಚ್ ಅವರನ್ನು ಐದು ಸೆಟ್‌ಗಳಲ್ಲಿ ಸೋಲಿಸಿದರು. ಬೋಪಣ್ಣ–ಲಿಯಾಂಡರ್ ಪೇಸ್ ಜೋಡಿ ಮೊದಲೆರಡು ಸೆಟ್ ಕಳೆದುಕೊಂಡೂ ಡಬಲ್ಸ್ ಗೆದ್ದಿತು. ಭಾರತ 2–3ರಿಂದ ಸೋತರೂ ಎರಡೂ ಬಗೆಯ ಟೆನಿಸನ್ನು ನಗರದ ಪ್ರೇಕ್ಷಕರು ಒಂದೇ ಕಡೆ ಕಂಡರು.

ಸರ್ವ್‌ಗಳೇ ಮೆರೆದರೆ ಏನಾಗುತ್ತದೆ ಎಂಬುದಕ್ಕೆ 2010ರ ವಿಂಬಲ್ಡನ್‌ನ ಜಾನ್ ಇಸ್ನರ್–ನಿಕೊಲಸ್ ಮಾಹು ಪಂದ್ಯ ಸಾಕ್ಷಿ. 11 ಗಂಟೆ 5 ನಿಮಿಷಗಳ ಆಟದಲ್ಲಿ ಇಸ್ನರ್ 113, ಮಾಹು 103 ಏಸ್ ಸಿಡಿಸಿದರು. ಕೊನೆಯ ಸೆಟ್ 70–68ರಲ್ಲಿ ಮುಗಿಯಿತು. 138 ಗೇಮ್‌ಗಳ ಆ ಸೆಟ್‌ನಲ್ಲೂ ನಿರ್ಣಾಯಕವಾದದ್ದು ಒಂದೇ ಒಂದು ಬ್ರೇಕ್. 2019ರ ವಿಂಬಲ್ಡನ್ ಫೈನಲ್‌ನಲ್ಲಿ ರೋಜರ್ ಫೆಡರರ್ 25 ಏಸ್ ಹಾಕಿದರು. ಐದನೇ ಸೆಟ್‌ನಲ್ಲಿ 8–7ರಿಂದ ಮುಂದಿದ್ದು, ತಮ್ಮದೇ ಸರ್ವ್‌ನಲ್ಲಿ ಎರಡು ಚಾಂಪಿಯನ್‌ಷಿಪ್ ಪಾಯಿಂಟ್‌ಗಳನ್ನೂ ಪಡೆದಿದ್ದರು. ಆ ಗೇಮನ್ನು ನೊವಾಕ್ ಜೊಕೊವಿಚ್ ಮುರಿದರು, ಪ್ರಶಸ್ತಿಯನ್ನೂ ಗೆದ್ದರು.

ಸರ್ವ್ ಸೋಲನ್ನು ದೂರವಿಡುತ್ತದೆ. ಟೈಬ್ರೇಕರ್‌ನಲ್ಲೇ ಆಗಲಿ, ಗೆಲುವಿಗೆ ಎದುರಾಳಿಯ ಸರ್ವ್‌ನಲ್ಲಿ ಒಂದಾದರೂ ಪಾಯಿಂಟ್ ಕಸಿಯಲೇಬೇಕು. ತೊಂದರೆ ಇರುವುದು ಅಭ್ಯಾಸದಲ್ಲಿ. ಒಂದು ಬುಟ್ಟಿ ಚೆಂಡು, ಖಾಲಿ ಅಂಕಣ ಇದ್ದರೆ ಸರ್ವ್ ಅನ್ನು ಒಬ್ಬರೇ ಕಲಿಯಬಹುದು. ರಿಟರ್ನ್ ಕಲಿಯಲು ಎದುರಿಗೆ ಒಳ್ಳೆಯ ಸರ್ವರ್ ಬೇಕು. ಗಾಳಿ ಹಗುರವಾಗಿರುವ ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಮಕ್ಕಳನ್ನು ತರಬೇತಿಗೆ ಕಳಿಸುವ ಪೋಷಕರು ತರಬೇತುದಾರರನ್ನು ಕೇಳಬೇಕಾದದ್ದು, ಮಗು ದಿನಕ್ಕೆ ಎಷ್ಟು ಸರ್ವ್ ಮಾಡುತ್ತದೆ ಎಂದಷ್ಟೇ ಅಲ್ಲ, ಎಷ್ಟನ್ನು ಎದುರಿಸುತ್ತದೆ ಎಂದೂ ಸಹ.