ಗ್ವಾಟೆಮಾಲದಲ್ಲಿ ಮಾಯಾ ದ್ವಿಭಾಷಾ ಶಿಕ್ಷಣ

ಮಾಯಾ ದ್ವಿಭಾಷಾ ಶಿಕ್ಷಣವು ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದಲ್ಲಿ ಮಾಯಾ ಮೂಲನಿವಾಸಿ ಮಕ್ಕಳಿಗೆ ಮಾತೃಭಾಷೆ ಹಾಗೂ ಸ್ಪ್ಯಾನಿಷ್ ಎರಡರಲ್ಲೂ ಬೋಧಿಸುವ ವ್ಯವಸ್ಥೆಯಾಗಿದೆ. ಕಿಚೆ, ಕೆಕ್ಚಿ, ಮಾಮ್, ಕಕ್ಚಿಕೆಲ್ ಸೇರಿದಂತೆ ಅಲ್ಲಿ 22 ಮಾಯಾ ಭಾಷೆಗಳಿಗೆ ಮನ್ನಣೆ ಇದೆ.

ಹಿನ್ನೆಲೆ

ಬಹುಕಾಲ ಶಾಲೆಗಳಲ್ಲಿ ಸ್ಪ್ಯಾನಿಷ್ ಒಂದೇ ಬೋಧನಾ ಮಾಧ್ಯಮವಾಗಿತ್ತು. ಮನೆಯಲ್ಲಿ ಆ ಭಾಷೆ ಆಡದ ಮಕ್ಕಳು ಪಾಠ ಅರ್ಥವಾಗದೆ ಹಿಂದುಳಿಯುತ್ತಿದ್ದರು; ಅನೇಕರು ಶಾಲೆಯನ್ನೇ ತೊರೆಯುತ್ತಿದ್ದರು. 1985ರ ಸಂವಿಧಾನವು ಮೂಲನಿವಾಸಿಗಳು ಬಹುಸಂಖ್ಯಾತರಾಗಿರುವ ಪ್ರದೇಶಗಳಲ್ಲಿ ದ್ವಿಭಾಷಾ ಬೋಧನೆಗೆ ಆದ್ಯತೆ ನೀಡಿತು. 1990ರಲ್ಲಿ ಮಾಯಾ ಭಾಷೆಗಳ ಅಕಾಡೆಮಿಗೆ ಕಾನೂನಿನ ಮೂಲಕ ಸ್ವಾಯತ್ತತೆ ದೊರೆಯಿತು. 1960ರಲ್ಲಿ ಆರಂಭವಾದ ಅಂತರ್ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರು ಹತರಾದರು ಅಥವಾ ಕಣ್ಮರೆಯಾದರು ಎಂದು ಸತ್ಯಶೋಧನಾ ಆಯೋಗ ಅಂದಾಜಿಸಿದೆ. ಗುರುತಿಸಲಾದ ಬಲಿಪಶುಗಳಲ್ಲಿ ಶೇ. 83ರಷ್ಟು ಮಂದಿ ಮಾಯಾ ಜನರು. 1996ರಲ್ಲಿ ಯುದ್ಧವನ್ನು ಕೊನೆಗೊಳಿಸಿದ ಶಾಂತಿ ಒಪ್ಪಂದಗಳು ಮೂಲನಿವಾಸಿಗಳ ಭಾಷೆ ಹಾಗೂ ಶಿಕ್ಷಣದ ಹಕ್ಕುಗಳನ್ನು ಒಳಗೊಂಡಿದ್ದವು. 2003ರ ರಾಷ್ಟ್ರೀಯ ಭಾಷೆಗಳ ಕಾಯ್ದೆ ಈ ಹಕ್ಕುಗಳನ್ನು ಬಲಪಡಿಸಿತು.

ಸಮುದಾಯದ ಪಾತ್ರ

ಕಾನೂನು ಇದ್ದರೂ ಮಾಯಾ ಭಾಷೆ ಬಲ್ಲ ಶಿಕ್ಷಕರ ಮತ್ತು ಪಠ್ಯಪುಸ್ತಕಗಳ ಕೊರತೆ ಉಳಿದಿದೆ. ಆದ್ದರಿಂದ ಗ್ರಾಮಸ್ಥರ ಪಾಲುಗೊಳ್ಳುವಿಕೆ ನಿರ್ಣಾಯಕವೆನಿಸಿದೆ. ಚುಕ್ಕಿ, ಗೆರೆ ಹಾಗೂ ಚಿಪ್ಪಿನ ಚಿಹ್ನೆಗಳಿಂದ ಬರೆಯುವ, ಇಪ್ಪತ್ತನ್ನು ಆಧಾರವಾಗಿಸಿಕೊಂಡ ಮಾಯಾ ಸಂಖ್ಯಾಪದ್ಧತಿ, ನೇಯ್ಗೆ ಮತ್ತು ಮೆಕ್ಕೆಜೋಳದ ಕೃಷಿಯಂತಹ ಸ್ಥಳೀಯ ಜ್ಞಾನವೂ ಪಾಠದ ಭಾಗವಾಗಬಲ್ಲದು. ಹೊರಗಿನ ನೆರವು ಸ್ಥಳೀಯ ಶಿಕ್ಷಕರ ತರಬೇತಿಗೆ ವಿನಿಯೋಗವಾದಾಗ ಅದರ ಫಲ ಊರಿನಲ್ಲಿಯೇ ಉಳಿಯುತ್ತದೆ.