ಮಕ್ಕಳ ದೌರ್ಜನ್ಯ ವಿಚಾರಣೆಯ ದಾಖಲೆಗಳು: ಗೋಪ್ಯತೆ ಮತ್ತು ಸಂರಕ್ಷಣೆ

ವಸತಿ ಶಾಲೆ, ಹಾಸ್ಟೆಲು, ಬಾಲಮಂದಿರಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ತನಿಖೆ, ವಿಚಾರಣೆಗಳಲ್ಲಿ ಸಿದ್ಧವಾಗುವ ಹೇಳಿಕೆ, ವೈದ್ಯಕೀಯ ವರದಿ, ಆಪ್ತಸಮಾಲೋಚನೆಯ ಟಿಪ್ಪಣಿಗಳು ಈ ದಾಖಲೆಗಳು. ಇವು ಹೊರಗೆ ಸೋರಬಾರದು, ಕಳೆದೂ ಹೋಗಬಾರದು. ಭಾರತದ ಕಾನೂನು ಮೊದಲನೆಯದನ್ನು ಬಿಗಿಯಾಗಿ ಹೇಳಿದೆ. ಎರಡನೆಯದರ ಬಗ್ಗೆ ಅದರ ಮಾತು ಕಡಿಮೆ.

ಮೈಸೂರು ಜಿಲ್ಲೆಯ ನಂಜನಗೂಡು ಅಥವಾ ಟಿ. ನರಸೀಪುರದ ಠಾಣೆಗೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೂರು ಬಂದರೆ, ಅದನ್ನು ತಡೆಯಲೆಂದೇ ಇರುವ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಹೀಗೆ ಒಂದೇ ಮಗುವಿನ ವಿವರ ತಾಲ್ಲೂಕಿನ ಠಾಣೆ, ಆಸ್ಪತ್ರೆ, ಮೈಸೂರಿನ ಸಮಿತಿ, ನ್ಯಾಯಾಲಯ ಎಂದು ಹಲವು ಕಡತಗಳನ್ನು ಸೇರುತ್ತದೆ. ಹೆಸರೊಂದನ್ನು ಅಳಿಸಿದರೆ ಸಾಲದು. ಎಲ್ಲರಿಗೂ ಎಲ್ಲರ ಪರಿಚಯವಿರುವ ಹಳ್ಳಿಯಲ್ಲಿ ಶಾಲೆ, ತರಗತಿ, ಬೀದಿ ಹೇಳಿದರೂ ಮಗು ಯಾರೆಂದು ತಿಳಿಯುತ್ತದೆ. ಅದಕ್ಕೇ ಕಾಯ್ದೆಯ 23ನೇ ಕಲಂ ವಿಳಾಸ, ಭಾವಚಿತ್ರ, ಕುಟುಂಬ, ಶಾಲೆ, ನೆರೆಹೊರೆಯ ವಿವರಗಳನ್ನೂ ಮಾಧ್ಯಮಗಳು ಬಯಲು ಮಾಡದಂತೆ ತಡೆಯುತ್ತದೆ. ವಿಚಾರಣೆ ನಡೆಯುವುದೂ ಮುಚ್ಚಿದ ಬಾಗಿಲ ಹಿಂದೆ.

2018ರ ಡಿಸೆಂಬರ್ 11ರಂದು ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಂತ್ರಸ್ತರ ಗುರುತಿರುವ ಕಾಗದಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ಗುರುತು ತೆಗೆದ ಪ್ರತಿಯನ್ನು ಕಡತದಲ್ಲಿ ಇರಿಸಬೇಕೆಂದು ಅದು ಹೇಳಿತು.

ಇದರ ಮಹತ್ವ ಮೈಸೂರು ಜಿಲ್ಲೆಗೆ ತಟ್ಟಿದ್ದು 2022ರ ಆಗಸ್ಟ್‌ನಲ್ಲಿ. ಚಿತ್ರದುರ್ಗದ ಮುರುಘಾ ಮಠದ ಹಾಸ್ಟೆಲಿಗೆ ಸಂಬಂಧಿಸಿದ ದೂರು ಮೈಸೂರಿನ ಒಡನಾಡಿ ಸೇವಾ ಸಂಸ್ಥೆಯ ನೆರವಿನಿಂದ ಬೆಳಕಿಗೆ ಬಂತು. ಮೈಸೂರಿನ ನಜರ್‌ಬಾದ್ ಠಾಣೆಯಲ್ಲಿ ದಾಖಲಾದ ಪ್ರಕರಣ ಚಿತ್ರದುರ್ಗಕ್ಕೆ ವರ್ಗವಾಯಿತು. ಅಂದರೆ ಕಾಗದಪತ್ರಗಳೂ ಜಿಲ್ಲೆ ದಾಟಿದವು. 2025ರ ನವೆಂಬರ್‌ನಲ್ಲಿ ಅಲ್ಲಿನ ನ್ಯಾಯಾಲಯ ಈ ಪ್ರಕರಣದಲ್ಲಿ ಆರೋಪಿಯಾಗಿದ್ದ ಮಠಾಧೀಶರನ್ನು ಖುಲಾಸೆಗೊಳಿಸಿತು. ತೀರ್ಪು ಏನೇ ಬರಲಿ, ದೂರು ಕೊಟ್ಟ ಮಕ್ಕಳ ಗುರುತನ್ನು ಕಾಯುವ ಹೊಣೆ ಮುಗಿಯುವುದಿಲ್ಲ.

ದಾಖಲೆ ನಾಶದ ನಿಯಮವನ್ನು ಇಲ್ಲಿ ಬೆರೆಸಬಾರದು. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಅನ್ವಯಿಸುವುದು ತಪ್ಪಿತಸ್ಥರೆಂದು ನಿರ್ಣಯವಾದ ಮಕ್ಕಳ ದಾಖಲೆಗೆ; ಹಳೆಯ ತಪ್ಪು ಅವರ ಬೆನ್ನು ಹತ್ತಬಾರದೆಂಬುದು ಅದರ ಉದ್ದೇಶ. ನೊಂದ ಮಗುವಿನ ಕಡತ ಬೇರೆ. ಅದು ಮುಂದೊಂದು ದಿನ ಆ ಮಗುವಿಗೆ ಸಾಕ್ಷ್ಯವಾಗಬಹುದು.

ಗೋಪ್ಯತೆ ಮತ್ತು ಸಂರಕ್ಷಣೆಯ ಈ ಗಂಟನ್ನು ಹೊರದೇಶಗಳು ಬಿಡಿಸಿದ ಬಗೆ ಒಂದೇ ಅಲ್ಲ. ಐರ್ಲೆಂಡಿನಲ್ಲಿ ಮಕ್ಕಳ ಮೇಲಿನ ದೌರ್ಜನ್ಯವನ್ನು ತನಿಖೆ ಮಾಡಿದ ರಯಾನ್ ಆಯೋಗದ ದಾಖಲೆಗಳನ್ನು 75 ವರ್ಷ ಮೊಹರು ಮಾಡುವ 2019ರ ಮಸೂದೆಗೆ ಸಂತ್ರಸ್ತರಿಂದಲೇ ವಿರೋಧ ಬಂದು ಅದು ಕಾಯ್ದೆಯಾಗಲಿಲ್ಲ. ಕೆನಡಾದ ಸುಪ್ರೀಂ ಕೋರ್ಟ್ 2017ರಲ್ಲಿ ಆಯ್ಕೆಯನ್ನು ಸಂತ್ರಸ್ತರಿಗೇ ಬಿಟ್ಟಿತು: ಆದಿವಾಸಿ ಮಕ್ಕಳ ವಸತಿ ಶಾಲೆಗಳ ಪರಿಹಾರ ಕಡತಗಳು 15 ವರ್ಷ ಇರಲಿ, ಉಳಿಸಿರೆಂದು ಅವರು ಕೇಳದಿದ್ದರೆ ಆಮೇಲೆ ನಾಶವಾಗಲಿ. ಸಂಸ್ಥೆಗಳಲ್ಲಿ ಮಕ್ಕಳ ಮೇಲಾದ ಲೈಂಗಿಕ ದೌರ್ಜನ್ಯದ ವಿಚಾರಣೆ ನಡೆಸಿದ ಆಸ್ಟ್ರೇಲಿಯಾದ ರಾಯಲ್ ಕಮಿಷನ್ ಅದೇ ವರ್ಷ ಸಂಸ್ಥೆಗಳು ಇಂಥ ದಾಖಲೆಗಳನ್ನು ಕನಿಷ್ಠ 45 ವರ್ಷ ಕಾಯಬೇಕೆಂದು ಶಿಫಾರಸು ಮಾಡಿತು.

ಪೋಕ್ಸೊ ಕಾಯ್ದೆಯಲ್ಲಿ ಅಂಥ ಅವಧಿ ಇಲ್ಲ. ಬಾಲ್ಯದ ದೌರ್ಜನ್ಯದ ಬಗ್ಗೆ ಯಾವ ವಯಸ್ಸಿನಲ್ಲಾದರೂ ದೂರು ಕೊಡಬಹುದೆಂದು ಕೇಂದ್ರ ಸರ್ಕಾರ 2018ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಅಷ್ಟು ವರ್ಷಗಳ ನಂತರ ಹಾಸ್ಟೆಲಿನ ಹಾಜರಿ ಪುಸ್ತಕ, ಆಸ್ಪತ್ರೆಯ ರಿಜಿಸ್ಟರು ಉಳಿದಿರದಿದ್ದರೆ ದೂರನ್ನು ಸಾಬೀತುಪಡಿಸುವುದು ಕಷ್ಟ.